ಬಿದಿರು, ಅಜ್ಜಿ ಮತ್ತು ಕಾಗದದ ಗಿರಣಿ

ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಕೋಟೆ ಇದೆ, ಕತ್ತಿ ಇದೆ. ಆ ಕೋಟೆಯ ಭತ್ತ ಕೇರಿದ ಮೊರ ಇಲ್ಲ. 12ನೇ ಶತಮಾನದ ಮೇದರ ಕೇತಯ್ಯನ ಹೆಸರನ್ನು ಜಯಂತಿಯ ಭಾಷಣಗಳಲ್ಲಿ ಕೇಳುತ್ತೇವೆ; ಅವನ ಕಾಯಕ ಹಿಡಿದವರ ಕೇರಿಗೆ ಭಾಷಣಕಾರರು ಬರುವುದಿಲ್ಲ.

ಆ ಕೇರಿಯ ಪಾಠಶಾಲೆ ಅಂಗಳ. ಅಜ್ಜಿ ಕಾಲು ಚಾಚಿ ಬಿದಿರು ಸೀಳುತ್ತಾಳೆ. ಗಟ್ಟಿ ಹೊರಮೈಯ ಸೀಳು ಬುಟ್ಟಿಗೆ, ಉಳಿದ ಚೂರು ಮಕ್ಕಳಿಗೆ. ಅದರಲ್ಲೇ ಪೀಪಿ, ಅದರಲ್ಲೇ ಗಾಳಿಪಟದ ಕಡ್ಡಿ, ಗೊಂಬೆಗೊಂದು ಬೆರಳುದ್ದದ ಮೊರ. ಮಲೆನಾಡಿನ ಹುಡುಗರಾದರೆ ಕೊಳವೆ ಕತ್ತರಿಸಿ ಪೆಟ್ಲು ಮಾಡಿ, ಕಾಡುಕಾಯಿ ತುಂಬಿ ಢಬ್ ಅನ್ನಿಸಿಬಿಡ್ತಾರೆ. "ಎಳೇದು ಕಡೀಬ್ಯಾಡ ಮಗಾ, ಹುಳ ಹಿಡೀತದೆ. ಮೆಳೆ ನಡುವಿನ ಬಲಿತದ್ದು ನೋಡು." ಆಟದ ನಡುವೆ ಬಂದ ಈ ಮಾತು ಅರಣ್ಯಶಾಸ್ತ್ರವಲ್ಲದೆ ಮತ್ತೇನು? ಮುಳ್ಳುಬಿದಿರು ಸುಮಾರು 40 ವರ್ಷಕ್ಕೊಮ್ಮೆ ಒಟ್ಟಾಗಿ ಹೂಬಿಟ್ಟು ಸಾಯುತ್ತದೆ. ಹುಡುಗಿಯಾಗಿ ಬಿದಿರಕ್ಕಿ ಆಯ್ದವಳು ಎರಡನೇ ಸಲ ಆಯುವಾಗ ಪಕ್ಕದಲ್ಲಿ ಮೊಮ್ಮಕ್ಕಳಿರುತ್ತಾರೆ. ಅಕ್ಷರ ಕೊಡದಿದ್ದ ಜನರಲ್ಲಿ ಇಷ್ಟುದ್ದದ ಲೆಕ್ಕ ನೆನಪಿನಿಂದ ನೆನಪಿಗೇ ದಾಟಿತು.

ದಾಟುವ ಹಾದಿಯನ್ನು ಕಡಿದವರು ಯಾರು? 1927ರ ಭಾರತೀಯ ಅರಣ್ಯ ಕಾಯ್ದೆ, ಹುಲ್ಲಿನ ಜಾತಿಯ ಬಿದಿರನ್ನು 'ಮರ' ಎಂದಿತು. ಪರವಾನಗಿ ಇಲ್ಲದೆ ಹೊರೆ ತಂದವನು ಕಳ್ಳನಾದ. ಸ್ವಾತಂತ್ರ್ಯ ಬಂತು. 1950ರ ದಶಕದ ಕೊನೆಗೆ ದಾಂಡೇಲಿಯಲ್ಲಿ ಕಾಗದದ ಗಿರಣಿ ಶುರುವಾಯಿತು. ಅದಕ್ಕೆ ಟನ್ನಿಗೆ ಒಂದೂವರೆ ರೂಪಾಯಿಯಂತೆ ಬಿದಿರು! ಬುಟ್ಟಿ ಹೆಣೆಯುವವರು ಪೇಟೆಯಲ್ಲಿ ಅದರ ನೂರಾರು ಪಟ್ಟು ತೆತ್ತರು. (ನಮ್ಮ ಹಳೆಯ ಪಠ್ಯಪುಸ್ತಕಗಳು ಯಾವ ಬಿದಿರಿನವೋ.) ಮೇದರು ಕೂಗೆಬ್ಬಿಸಿದ ಮೇಲೆ, 1975ರಲ್ಲಿ ಮಾಧವ ಗಾಡ್ಗೀಳರು ಅಧ್ಯಯನಕ್ಕೆ ಬಂದರು. ಮೆಳೆಯ ಬುಡದ ಮುಳ್ಳನ್ನು ಇಲಾಖೆ ಸವರಿಸುತ್ತಿತ್ತು, ಬಿದಿರು ಚೆನ್ನಾಗಿ ಬರಲಿ ಅಂತ. ಮುಳ್ಳು ಹೋದದ್ದೇ ಕಳಲೆ ದನಕರುಗಳ ಬಾಯಿಗೆ ಬಿತ್ತು. ಊರ ಜನಕ್ಕೆ ಇದು ಗೊತ್ತಿತ್ತು. ಅವರನ್ನು ಕೇಳಿದವರು ಯಾರು?

ಹಾಗಂತ ಮೇದರ ಮಗು ಮೇದರ ಕೆಲಸವನ್ನೇ ಮಾಡಲಿ ಎಂದು ನಾವು ಹೇಳುತ್ತಿಲ್ಲ. ಜಾತಿ ವಿಭಜಿಸುವುದು ಕೆಲಸವನ್ನಲ್ಲ, ಕೆಲಸಗಾರರನ್ನು ಎಂದು ಅಂಬೇಡ್ಕರ್ 1936ರಲ್ಲೇ ತೋರಿಸಿಕೊಟ್ಟರು. ಅಜ್ಜಿಯ ಬೆರಳಿನ ವಿದ್ಯೆ ಬೇರೆ, ಕೇರಿಯ ಕಟ್ಟು ಬೇರೆ. ಬೇಸಿಗೆ ಶಿಬಿರದಲ್ಲಿ ಬುಟ್ಟಿ ಹೆಣೆದ ಪೇಟೆಯ ಮಗುವಿಗೆ ಅದು ಕಲೆ. ಅದೇ ಬುಟ್ಟಿ ಮಾರಲು ಬಂದ ಹುಡುಗಿ ಇನ್ನೂ ಜಗಲಿಯ ಕೆಳಗೇ ನಿಲ್ಲುತ್ತಾಳೆ.

2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನ ಎಂದಿತು. 2017ರ ತಿದ್ದುಪಡಿ ಕಾಡಿನಾಚೆ ಬೆಳೆದ ಬಿದಿರನ್ನಷ್ಟೇ 'ಮರ'ದ ಪಟ್ಟಿಯಿಂದ ಬಿಟ್ಟಿತು. ಅಂಗಳ ಬಿಟ್ಟರೆ ಬೇರೆ ನೆಲವಿಲ್ಲದ ಅಜ್ಜಿ ಕಾಡಿನಾಚೆ ಎಲ್ಲಿ ಬಿದಿರು ನೆಡಬೇಕು?