ಟರ್ಬೋ ಸಿ: ನೀಲಿ ಪರದೆಯ ಹಳೆ ನುಡಿ

1987ರಲ್ಲಿ ಬೋರ್ಲ್ಯಾಂಡ್ ಕಂಪನಿಯ ಟರ್ಬೋ ಸಿ ಬಂದಾಗ ಡಾಸ್ ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಬರೆಯುವುದು, ಕಂಪೈಲ್ ಮಾಡುವುದು, ತಪ್ಪಿದ ಸಾಲಿಗೆ ಮರಳುವುದು ಎಲ್ಲವೂ ಒಂದೇ ಪರದೆಗೆ ಬಂತು. 1990ರಲ್ಲಿ ಟರ್ಬೋ ಸಿ++. ಆ ಭಾಷೆಗೆ ಅಂತರರಾಷ್ಟ್ರೀಯ ಮಾನಕ ಸಿಕ್ಕಿದ್ದು ಮಾತ್ರ 1998ರಲ್ಲಿ, ಆಗ ‘ಐಒಸ್ಟ್ರೀಮ್.ಎಚ್’ ಬಾಲ ಕಳೆದುಕೊಂಡು ಬರೀ ‘ಐಒಸ್ಟ್ರೀಮ್’ ಆಯಿತು.

ನಮ್ಮ ಎಷ್ಟೋ ಕಾಲೇಜು ಲ್ಯಾಬುಗಳಿಗೆ ಆ ಸುದ್ದಿ ತಲುಪಲೇ ಇಲ್ಲ ಅನ್ನಿ. ವಿಂಡೋಸ್ ಮೇಲೆ ಡಾಸ್‌ಬಾಕ್ಸ್ ಹಾಕಿ, ಅದರೊಳಗೆ ಅದೇ ನೀಲಿ ಪರದೆ ತೆರೆದು ವರ್ಷಗಟ್ಟಲೆ ಪಾಠ ನಡೆಯಿತು. ಅಲ್ಲಿ ಇಂಟ್ ಅಂದರೆ ಇನ್ನೂ 16 ಬಿಟ್: 32767ಕ್ಕೆ ಒಂದು ಕೂಡಿಸಿದರೆ -32768! ಪಠ್ಯಪುಸ್ತಕ, ಲ್ಯಾಬ್ ರೆಕಾರ್ಡ್, ಪರೀಕ್ಷೆ ಒಂದನ್ನೊಂದು ಹಿಡಿದುಕೊಂಡಿದ್ದವು, ಬಿಡುವವರು ಯಾರು?

ಭಾಷಾಶಾಸ್ತ್ರ ಓದಿದ ನನಗೆ ಇದು ವಲಸೆ ಬಂದವರ ನುಡಿಯಂತೆ ಕಾಣುತ್ತದೆ. ಊರಲ್ಲಿ ಮರೆತ ಪದ ನಮ್ಮ ಪುಣೆಯ ಅಜ್ಜಿಯ ಬಾಯಲ್ಲಿ ಬದುಕಿತ್ತು. ಆದರೆ ಅಜ್ಜಿಯ ಕನ್ನಡದಿಂದ ಯಾರ ಕೆಲಸವೂ ತಪ್ಪಲಿಲ್ಲ. ನನ್ನ ತಂಗಿ ಸಂದರ್ಶನವೊಂದರಲ್ಲಿ ಕಲಿತದ್ದನ್ನೇ ಟೈಪ್ ಮಾಡಿದಳು. ಹೊಸ ಕಂಪೈಲರ್ ಮೊದಲ ಸಾಲಿನ ‘.ಎಚ್’ನಲ್ಲೇ ನಿಂತುಬಿಟ್ಟಿತು.