ಜಾಲಪುಟದಲ್ಲಿ ರೂಪಾಯಿ ಚಿಹ್ನೆ

ರೂಪಾಯಿ ಚಿಹ್ನೆ (₹) ಭಾರತದ ಹಣದ ಗುರುತು. ಯೂನಿಕೋಡ್‌ನಲ್ಲಿ ಇದರ ಸಂಕೇತಾಂಕ, ದಶಮಾನ ಪದ್ಧತಿಯಲ್ಲಿ, 8377. ಜಾಲಪುಟದ ಮೂಲಪಠ್ಯದಲ್ಲಿ ₹ ಎಂದು ಬರೆದರೆ ಬ್ರೌಸರ್ ಆ ಜಾಗದಲ್ಲಿ ಚಿಹ್ನೆಯನ್ನು ತೋರಿಸುತ್ತದೆ. ಗಣಕಯಂತ್ರದಲ್ಲಿ ಪ್ರತಿ ಅಕ್ಷರವೂ ಒಂದು ಸಂಖ್ಯೆ. ಅದಕ್ಕೆ ಆಕಾರ ಕೊಡುವುದು ಫಾಂಟ್.

1963ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆಸ್ಕಿ ಪದ್ಧತಿಯಲ್ಲಿ ಇದ್ದದ್ದು 128 ಸ್ಥಾನಗಳು ಮಾತ್ರ. ಹೀಗಾಗಿ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಾಂಕಗಳಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದವು. ಫಾಂಟ್ ಇಲ್ಲದ ಯಂತ್ರದಲ್ಲಿ ಅಂಥ ಪಠ್ಯ ಅರ್ಥವಿಲ್ಲದ ಅಕ್ಷರಗಳ ಸಾಲಾಗಿ ಕಾಣುತ್ತಿತ್ತು. 1991ರ ಯೂನಿಕೋಡ್ ಮೊದಲ ಆವೃತ್ತಿ ಕನ್ನಡಕ್ಕೆ 3200ರಿಂದ 3327ರವರೆಗಿನ ಸ್ಥಾನಗಳನ್ನು ನೀಡಿತು. 1997ರಲ್ಲಿ ಬಂದ ಎಚ್‌ಟಿಎಂಎಲ್ 4.0 ಈ ಸಂಖ್ಯೆಗಳನ್ನು ಜಾಲಪುಟಗಳಿಗೂ ಅನ್ವಯಿಸಿತು; ಕ ಎಂದರೆ ‘ಕ’.

ಆಗ ಯೂನಿಕೋಡ್‌ನಲ್ಲಿ ಇದ್ದದ್ದು ರೋಮನ್ ಅಕ್ಷರಗಳ ಹಳೆಯ ರೂಪಾಯಿ ಗುರುತು (₨, 8360). ಮುಂಬೈ ಐಐಟಿಯ ಡಿ. ಉದಯಕುಮಾರ್ ರಚಿಸಿದ ಹೊಸ ವಿನ್ಯಾಸವನ್ನು ಕೇಂದ್ರ ಸಂಪುಟ 2010ರ ಜುಲೈ 15ರಂದು ಒಪ್ಪಿತು. ದೇವನಾಗರಿಯ ‘ರ’ಕಾರವೂ ರೋಮನ್ನಿನ ‘ಆರ್’ ಅಕ್ಷರವೂ ಅದರಲ್ಲಿ ಬೆರೆತಿವೆ.

ಸಂಕೇತಾಂಕ ಸಿಗುವ ಮೊದಲೇ ಬಳಕೆ ಶುರುವಾಯಿತು. ಮಂಗಳೂರಿನ ಫೊರೇಡಿಯನ್ ಟೆಕ್ನಾಲಜೀಸ್ ಅದೇ ಜುಲೈನಲ್ಲಿ ಉಚಿತ ಫಾಂಟ್ ಬಿಡುಗಡೆ ಮಾಡಿತು. ಟ್ಯಾಬ್ ಕೀಲಿಯ ಮೇಲಿರುವ ` ಗುರುತಿನ ಜಾಗದಲ್ಲಿ ಅದು ರೂಪಾಯಿಯನ್ನು ಕೂರಿಸಿತ್ತು. ಫಾಂಟ್ ಇಲ್ಲದ ಕಡೆ ಬೆಲೆಯ ಮುಂದೆ ಬರಿಯ ` ಉಳಿಯುತ್ತಿತ್ತು. ಕನ್ನಡದ ಹಳೆಯ ತೊಡಕೇ ಇಲ್ಲಿ ಮರುಕಳಿಸಿತು. 2010ರ ಅಕ್ಟೋಬರ್‌ನ ಯೂನಿಕೋಡ್ 6.0 ಚಿಹ್ನೆಗೆ ಸ್ವಂತ ಸ್ಥಾನ ಕೊಟ್ಟಿತು. 2011ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 7ಕ್ಕೆ ಅದನ್ನು ಸೇರಿಸಿತು.

ಅಚ್ಚಿನ ದಾರಿ ಬೇರೆ. ನೋಟಿನ ಮೇಲೆ ಚಿಹ್ನೆ ಮೂಡಲು ಅಚ್ಚಿನ ಪಡಿಯಚ್ಚಿನಲ್ಲಿ ಆಕಾರವಿದ್ದರೆ ಸಾಕು, ಸಂಕೇತಾಂಕ ಬೇಕಿಲ್ಲ. 2011ರಿಂದ ನಾಣ್ಯಗಳಲ್ಲಿ, 2012ರಿಂದ ನೋಟುಗಳಲ್ಲಿ ₹ ಬಂದಿದೆ.

ಯೂರೋ, ಕೃತಿಸ್ವಾಮ್ಯ ಮುಂತಾದ ಗುರುತುಗಳಿಗೆ ಎಚ್‌ಟಿಎಂಎಲ್‌ನಲ್ಲಿ ಹೆಸರಿನ ಸಂಕೇತಗಳೂ ಇವೆ. ರೂಪಾಯಿಗೆ ಸಂಖ್ಯೆ ಮಾತ್ರ. ಯುಟಿಎಫ್-8 ಬಳಸುವ ಪುಟದಲ್ಲಿ ₹ ಅನ್ನು ನೇರವಾಗಿಯೇ ಬರೆಯಬಹುದು. ಅದು ಮೂರು ಬೈಟ್ ಜಾಗ ಹಿಡಿಯುತ್ತದೆ.