ಸಾಹೇಬರ ಗಡಿಯಾರ, ಜನತೆಯ ಗಡಿಯಾರ

ಕಲಬುರಗಿ ಜಿಲ್ಲೆಯ ನಮ್ಮ ಭಾಗಕ್ಕೆ ನಿಮಿಷದ ಲೆಕ್ಕ ಬಂದದ್ದು ರೈಲಿನ ಜೊತೆ. 1871ರಲ್ಲಿ ಮುಂಬೈ ಮತ್ತು ಮದ್ರಾಸಿನ ಹಳಿಗಳು ರಾಯಚೂರಿನಲ್ಲಿ ಕೂಡಿದವು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಹೊರಟು ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದ್ ಮುಟ್ಟಿತು. ಹಳಿಗೆ ದೂರವಾದ ಚಿಂಚೋಳಿಯವರು ಮುಂದೆಯೂ ಬಹುಕಾಲ ನೆರಳು ನೋಡಿಯೇ ಹೊತ್ತು ಹೇಳಿರಬೇಕು. ನಮಾಜಿನ ವೇಳೆ ಸೂರ್ಯನ ಹಿಂದೆ ನಡೆಯುತ್ತದೆ, ರೈಲು ಗಡಿಯಾರದ ಹಿಂದೆ. 1906ರಲ್ಲಿ ಭಾರತೀಯ ಪ್ರಮಾಣಿತ ವೇಳೆ ಜಾರಿಗೆ ಬಂದ ಮೇಲೆ ಇವೆರಡರ ಅಂತರ ಇಷ್ಟೆಂದು ಗೊತ್ತಾಯಿತು: ವಾಡಿಯಲ್ಲಿ ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಗಡಿಯಾರದಲ್ಲಿ, ವರ್ಷದ ಸರಾಸರಿಯಲ್ಲಿ, ಸುಮಾರು 12 ಗಂಟೆ 22 ನಿಮಿಷ.

ಆದರೆ ಗಡಿಯಾರ ಯಾರ ಬಳಿ ಇತ್ತು? ಸ್ಟೇಷನ್ ಮಾಸ್ತರರ ಕೋಣೆಯಲ್ಲಿತ್ತು, ಕಚೇರಿಯ ಗೋಡೆಯ ಮೇಲಿತ್ತು. ಶಾಹಾಬಾದಿನ ಫರ್ಸಿ ಗಣಿಯಲ್ಲಿ ಬಂಡೆ ಸೀಳುವವನಿಗೆ, ಅಲ್ಲಿಯ ನಿಜಾಮರ ಕಾಲದ ಸಿಮೆಂಟ್ ಕಾರ್ಖಾನೆಯ ಕೂಲಿಗೆ, 1968ರಲ್ಲಿ ವಾಡಿಯಲ್ಲಿ ಶುರುವಾದ ಎಸಿಸಿ ಕಾರ್ಖಾನೆಗೆ ಹೊಲ ಬಿಟ್ಟು ಬಂದವನಿಗೆ ಹೊತ್ತೆಂದರೆ ಭೋಂಗಾ, ಇಲ್ಲವೇ ಮೇಸ್ತ್ರಿಯ ಬಾಯಿಮಾತು. ಪಾಳಿ ಮುಗಿಯಿತೋ ಇಲ್ಲವೋ ಎಂದು ತಾನೇ ನೋಡಿ ಹೇಳುವ ಸಾಧನ ಅವನ ಕೈಯಲ್ಲಿರಲಿಲ್ಲ. ಕೈಗಡಿಯಾರವೆಂದರೆ ಸ್ವಿಟ್ಜರ್ಲೆಂಡಿನದು, ಸಾಹೇಬರದು, ವಕೀಲರದು, ಜಾಗೀರುದಾರರದು.

ಎಚ್‌ಎಂಟಿಯ ಮಹತ್ವವನ್ನು ಇಲ್ಲಿಂದ ನೋಡಬೇಕು. ಯಂತ್ರೋಪಕರಣ ತಯಾರಿಸಲೆಂದು 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ಸರ್ಕಾರಿ ಸಂಸ್ಥೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರಕ್ಕೆ ಕೈಹಾಕಿತು. ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ನೆಹರೂ. ಬಿಡಿಭಾಗ ಜೋಡಿಸುವ ಸೂಕ್ಷ್ಮ ಕೆಲಸಕ್ಕೆ ದೊಡ್ಡ ಸಂಖ್ಯೆಯಲ್ಲಿ ಹೆಣ್ಣುಮಕ್ಕಳು ಬಂದರು. ಒಂದು ಮಾದರಿಗೆ ‘ಜನತಾ’ ಎಂದೇ ಹೆಸರಿಟ್ಟರು. ಸರ್ಕಾರಿ ಹೆಸರುಗಳಲ್ಲಿ ಇಷ್ಟು ಅರ್ಥಪೂರ್ಣವಾದದ್ದು ನಮಗೆ ಬೇರೆ ನೆನಪಾಗುವುದಿಲ್ಲ.

ಈ ಜನತಾವನ್ನು ರೋಲೆಕ್ಸ್ ಪಕ್ಕ ಇಟ್ಟು ನೋಡೋಣ. ಜನತಾಗೆ ದಿನಕ್ಕೊಮ್ಮೆ ಚಾವಿ ಕೊಡಬೇಕು. ರೋಲೆಕ್ಸ್ ಕೈಯ ಅಲುಗಾಟದಿಂದಲೇ ಸುತ್ತಿಕೊಳ್ಳುತ್ತದೆ. ಜನತಾದ ಯಂತ್ರ ಸೆಕೆಂಡಿಗೆ 5 ಸಲ ಬಡಿದರೆ ಇಂದಿನ ರೋಲೆಕ್ಸ್ ಸಾಮಾನ್ಯವಾಗಿ 8 ಸಲ. ದಿನಕ್ಕೆ 2 ಸೆಕೆಂಡಿಗಿಂತ ಹೆಚ್ಚು ಹಿಂದುಮುಂದಾಗದು ಎಂಬುದು ರೋಲೆಕ್ಸ್ ಕಂಪನಿಯ ಭರವಸೆ. ನೀರು ಒಳಹೋಗದ ಕವಚವನ್ನು ಅದು 1926ರಷ್ಟು ಹಿಂದೆಯೇ ತಂದಿತ್ತು. ಅದು ಶ್ರೇಷ್ಠ ಕುಶಲಕಲೆ ಎಂಬುದರಲ್ಲಿ ತಕರಾರಿಲ್ಲ. ಆದರೆ ಅದಕ್ಕೆ ಕೊಡುವ ಲಕ್ಷಾಂತರ ರೂಪಾಯಿ ಬರೀ ವೇಳೆಗಾಗಿ ಅಲ್ಲ. ಕೆಲವೇ ನೂರು ರೂಪಾಯಿಯ ಕ್ವಾರ್ಟ್ಜ್ ಗಡಿಯಾರ ತಿಂಗಳಿಗೆ ಹದಿನೈದು ಸೆಕೆಂಡಿನಷ್ಟೇ ತಪ್ಪಬಹುದು. ಲೆಕ್ಕ ಹಾಕಿದರೆ ದಿನಕ್ಕೆ ಅರ್ಧ ಸೆಕೆಂಡು. ಹಣ ಹೋಗುವುದು ಲೋಹಕ್ಕೆ, ನಯಗಾರಿಕೆಗೆ, ಅದಕ್ಕಿಂತ ಹೆಚ್ಚಾಗಿ ಹೆಸರಿಗೆ. ಎಲ್ಲರಿಗೂ ಸಿಗದಿರುವುದೇ ಅದರ ಬೆಲೆಯ ಒಂದು ಭಾಗ. ಎಲ್ಲರಿಗೂ ಸಿಗುವುದೇ ಜನತಾದ ಉದ್ದೇಶವಾಗಿತ್ತು.

ವಿಚಿತ್ರವೆಂದರೆ, 1969ರಲ್ಲಿ ಜಪಾನಿನ ಸೈಕೋ ತಂದ ಆ ಕ್ವಾರ್ಟ್ಜ್ ಪೆಟ್ಟು ಇಬ್ಬರಿಗೂ ಬಿತ್ತು. ಸ್ವಿಸ್ಸರು ಚಾವಿ ಗಡಿಯಾರವನ್ನು ಆಭರಣವೆಂದು ಮಾರಿ ಬದುಕಿಕೊಂಡರು. ಎಚ್‌ಎಂಟಿ ಕ್ವಾರ್ಟ್ಜ್ ತಯಾರಿಸಿದರೂ ಚಾವಿ ಗಡಿಯಾರವನ್ನೇ ಹೆಚ್ಚು ನೆಚ್ಚಿತ್ತು. 1984ರಲ್ಲಿ ಹುಟ್ಟಿದ ಟೈಟಾನ್ ಅಂದಚೆಂದದ ಕ್ವಾರ್ಟ್ಜ್‌ನೊಂದಿಗೆ ಪೇಟೆ ಹಿಡಿಯಿತು. ನಷ್ಟ ಬೆಳೆಯಿತು, ಬೀಗದ ಮಾತು ಬಂತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿತು. ಲಾಭದ ತಕ್ಕಡಿಯಲ್ಲಿ ತೂಗಿದರೆ ಆ ತೀರ್ಮಾನಕ್ಕೆ ಕಾರಣಗಳಿದ್ದವು. ಕೂಲಿಯವನ ಕೈಗೆ ವೇಳೆ ಕೊಟ್ಟದ್ದನ್ನು ಮಾತ್ರ ಯಾವ ಕಾಲಮ್ಮಿನಲ್ಲಿ ಬರೆಯುತ್ತಾರೋ ಕಾಣೆವು.

ಈಗ ಜನತಾಗೂ ಶೋಕಿಯವರು ಹುಟ್ಟಿದ್ದಾರೆ. ಹಳೆಯ ಯಂತ್ರಕ್ಕೆ ಹೊಸ ಬಣ್ಣದ ಡಯಲ್ ಕೂರಿಸಿ, ಅಸಲಿ ಎಂದು ಹೇಳಿ, ಹೆಚ್ಚಿನ ಬೆಲೆಗೆ ಮಾರುವವರೂ ಇದ್ದಾರೆ. ಕೊಳ್ಳುವವರು ಹಿಂಬದಿಯ ಮುಚ್ಚಳ ತೆಗೆಸಿ ನೋಡುವುದು ಲೇಸು.